ಬೆರ್ರಿಯೆಸ್ಸಾ ಸಂತೆ

ಚೌಕಾಸಿಗೆ ಜಾಗವೇ ಇಲ್ಲದ ದೇಶ ಎಂಬುದು ಅಮೆರಿಕದ ಬಗ್ಗೆ ನಮ್ಮತ್ತೆಯವರ ಮುಖ್ಯ ತಕರಾರು. ಸೂಪರ್‌ಮಾರ್ಕೆಟ್ಟಿನಲ್ಲಿ ಬೆಲೆ ಅಚ್ಚು ಹಾಕಿಟ್ಟಿರುತ್ತಾರೆ. ಇಂಡಿಯನ್ ಸ್ಟೋರಿನಲ್ಲಿ ನಮ್ಮವರೇ ಗಲ್ಲಾದ ಮುಂದಿದ್ದರೂ ಬೆಂಡೆಕಾಯಿ ತುದಿ ಮುರಿದು ನೋಡಿದರೆ ಹುಬ್ಬು ಗಂಟಿಕ್ಕುತ್ತಾರೆ. ಅದಕ್ಕೇ ಅವರು ಮಂಡ್ಯದಿಂದ ಬಂದಾಗಲೆಲ್ಲ ಸ್ಯಾನ್ ಹೋಸೆಯ ಬೆರ್ರಿಯೆಸ್ಸಾ ರಸ್ತೆಯ ಫ್ಲೀ ಮಾರ್ಕೆಟ್ಟಿಗೆ ಹೋಗುವುದು ಕಡ್ಡಾಯ. ವ್ಯಾಪಾರಿಗಳಲ್ಲಿ ಬಹಳ ಮಂದಿ ಮೆಕ್ಸಿಕೊ ಮತ್ತು ಅದರ ಕೆಳಗಿನ ದೇಶಗಳ ಕಡೆಯವರು. ಅವರು ಅದನ್ನು ‘ಲಾ ಪುಲ್ಗಾ’ ಎನ್ನುತ್ತಾರೆ. ಅತ್ತೆಯವರಿಗೆ ಅದು ಬರೀ ಸಂತೆ.

ಬಟ್ಟೆ, ಬೂಟು, ಸುತ್ತಿಗೆ-ಸ್ಪ್ಯಾನರುಗಳ ಸಾಲನ್ನೆಲ್ಲ ದಾಟಿ ಅವರು ನೇರ ತರಕಾರಿ ಸಾಲಿಗೇ ಹೋಗುತ್ತಾರೆ. ಮೆಣಸಿನಕಾಯಿ ರಾಶಿ, ಸೀಮೆಬದನೆ, ಸೀಬೆ, ಪರಂಗಿ, ಗೆಣಸು. “ಎಲ್ಲಾ ನಮ್ಮವೇ ಕಣಮ್ಮ!” ನಮ್ಮವಲ್ಲ, ಇವೆಲ್ಲ ಈ ಖಂಡದವೇ, ಮೆಣಸಿನಕಾಯಿಯನ್ನು ನಮಗೆ ತಂದುಕೊಟ್ಟವರು ಪೋರ್ಚುಗೀಸರು ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಬಸವನಗುಡಿ ಪರಿಷೆಯ ಕಡಲೆಕಾಯಿಯ ತವರೂ ದಕ್ಷಿಣ ಅಮೆರಿಕ ಎಂದುಬಿಟ್ಟೆ. “ಹಡಗು ಬರೋವರೆಗೂ ಬಸವಣ್ಣ ಉಪವಾಸ ಕೂತಿದ್ನಾ?” ಎಂದು ನನ್ನ ಬಾಯಿ ಮುಚ್ಚಿಸಿದರು.

ಪಕ್ಕದಲ್ಲೇ ಒಬ್ಬ ಹೆಂಗಸು ಪಾಪಾಸುಕಳ್ಳಿಯ ಅಂಗೈಯಗಲದ ಎಲೆಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದರು. ಎಲೆಯ ಬುಡ ಹಿಡಿದು, ಚಾಕುವನ್ನು ಮಲಗಿಸಿ, ಮುಳ್ಳಿನ ಗಂಟುಗಳನ್ನಷ್ಟೇ ಕೆರೆದು, ಅಂಚನ್ನು ಸುತ್ತಲೂ ಸವರಿ ಚೀಲಕ್ಕೆ ಹಾಕುವುದು. ಕಣ್ಣು ಮಾತ್ರ ಗಿರಾಕಿಯ ಮೇಲೆ. ಊರಲ್ಲಿ ಬೇಲಿಗೆ ಬೆಳೆಯುವ ಕಳ್ಳಿ ಇಲ್ಲಿ ಪಲ್ಯವಾಗುತ್ತದೆಂದು ತಿಳಿದು ಅತ್ತೆಯವರು ದಂಗಾದರು. ಆಮೇಲೆ ಹಸಿಮೆಣಸಿನಕಾಯಿಯ ವ್ಯಾಪಾರ. “ಮೂರು ಜಾಸ್ತಿಯಾಯ್ತು, ಎರಡಕ್ಕೆ ಕೊಡಪ್ಪ” ಎಂದು ಶುದ್ಧ ಮಂಡ್ಯ ಕನ್ನಡದಲ್ಲಿ ಕೇಳಿ, ಎರಡು ಬೆರಳು ತೋರಿಸಿದರು. ಅಂಗಡಿಯ ಹುಡುಗ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ ನಕ್ಕ. ಬೆಲೆ ಇಳಿಯಲಿಲ್ಲ, ಆದರೆ ಕೊಸರೆಂದು ಇನ್ನೊಂದು ಹಿಡಿ ಬಿತ್ತು. ಅವರಿಗೆ ಬೇಕಾಗಿದ್ದದ್ದೂ ಅದೇ.

ಕೊನೆಗೆ ಲೋಟದಲ್ಲಿ ಹೆಚ್ಚಿದ ಮಾವಿನಹಣ್ಣು, ಮೇಲೆ ಖಾರದ ಪುಡಿ, ಉಪ್ಪು, ನಿಂಬೆರಸ. ಖಾರ ಈ ಖಂಡದಿಂದ ನಮ್ಮಲ್ಲಿಗೆ ಬಂತು. ನಮ್ಮ ಕಡೆಯ ಮಾವು ಫಿಲಿಪೀನ್ಸ್ ಸುತ್ತಿ, ಮನಿಲಾದ ಸ್ಪ್ಯಾನಿಷ್ ಹಡಗುಗಳಲ್ಲಿ ಮೆಕ್ಸಿಕೊಗೆ ಹೋಯಿತು. ಉಪ್ಪುಖಾರ ಹಚ್ಚಿ ತಿನ್ನುವ ಬುದ್ಧಿ ಮಾತ್ರ ಎರಡೂ ಕಡೆ ತಾನಾಗಿಯೇ ಹುಟ್ಟಿರಬೇಕು.

ಈ ಸಂತೆಯನ್ನು 1960ರಲ್ಲಿ ತೆರೆದ ಜಾರ್ಜ್ ಬಂಬ್ ಕಸದ ವ್ಯವಹಾರದಲ್ಲಿದ್ದವರು. ಜನ ಎಸೆಯುವ ಎಷ್ಟೋ ಸಾಮಾನು ಇನ್ನೂ ಬಾಳುವಂಥದ್ದು ಎಂದು ಕಂಡುಕೊಂಡು ಹಳತನ್ನು ಮಾರುವ ಜಾಗ ಮಾಡಿದರು. 2020ರ ಜೂನಿನಲ್ಲಿ ಬಾರ್ಟ್ ರೈಲು ಸಂತೆಯ ಪಕ್ಕಕ್ಕೇ ಬಂತು. ನಮ್ಮಂಥವರ ಮನೆಗೆ ಅತಿಥಿಗಳಾಗಿ ಬರುವ, ಕಾರಿಲ್ಲದ ಅಪ್ಪ-ಅಮ್ಮಂದಿರಿಗೆ ಫ್ರೀಮಾಂಟಿನಿಂದ ರೈಲಿನಲ್ಲಿ ಬಂದಿಳಿದು ನಡೆದೇ ಹೋಗುವ ಅನುಕೂಲ. ಆದರೆ ರೈಲು ನಿಲ್ದಾಣದ ಬುಡದ ನೆಲದಲ್ಲಿ ಟೊಮ್ಯಾಟೊ ಮಾರುವುದನ್ನು ಯಾವ ಲೆಕ್ಕಪತ್ರವೂ ಸಹಿಸದು. ಮರುವರ್ಷದ ಜೂನಿನಲ್ಲೇ ಮನೆ, ಆಫೀಸು ಕಟ್ಟಲು ನಗರಸಭೆ ಒಪ್ಪಿತು. ಅದಕ್ಕೆ ಮುಂಚೆ ವ್ಯಾಪಾರಿಗಳು ಉಪವಾಸ ಕೂತಿದ್ದರು. 60 ಎಕರೆಗೂ ಮಿಕ್ಕ ಯೋಜನೆಯಲ್ಲಿ ಸಂತೆಗೆಂದು 5 ಎಕರೆ ಮತ್ತು ಒಂದಿಷ್ಟು ನೆರವಿನ ಹಣ ದಕ್ಕಿತು.

ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ಬಾಗಿಲಿಗೂ 2017ರಲ್ಲಿ ಮೆಟ್ರೊ ಬಂತು. ಹೂವಿನವರು ಅಲ್ಲೇ ಇದ್ದಾರೆ. ಅಲ್ಲಿ ಗಲೀಜು, ನೂಕುನುಗ್ಗಲು ಎಲ್ಲ ಸರಿ, ಆದರೆ 1928ರ ಆ ಮಾರುಕಟ್ಟೆ ಪಾಲಿಕೆಯದು, ಊರಿನದು. ಇಲ್ಲಿಯದು ಒಂದು ಕುಟುಂಬದ ಆಸ್ತಿ. ಮಾಲೀಕರು ತಮ್ಮ ನೆಲಕ್ಕೆ ಒಳ್ಳೆ ಬೆಲೆ ಬಯಸಿದರೆ ತಪ್ಪೆನ್ನಲು ನನಗಂತೂ ಬಾಯಿ ಬರುವುದಿಲ್ಲ. ನಮ್ಮ ಮನೆಯ ಬೆಲೆ ಏರಿತೇ ಎಂದು ಆಗಾಗ ಫೋನಿನಲ್ಲಿ ನೋಡುವವಳು ನಾನೂ.

ಸಂತೆಗೆ ಬೇರೆ ಜಾಗಗಳನ್ನೂ ನಗರಸಭೆ ಹುಡುಕಿದೆ. ಅವುಗಳಲ್ಲಿ ಸಿಂಗಲ್ಟನ್ ರಸ್ತೆಯ ಹಳೆಯ ಕಸದ ಗುಂಡಿಯೂ ಒಂದು ಎಂದು ಅತ್ತೆಯವರಿಗೆ ಹೇಳಿದೆ. ಕಸ ಎಂದದ್ದಕ್ಕೆ ಮೂಗು ಮುರಿಯುತ್ತಾರೆಂದುಕೊಂಡಿದ್ದೆ. ಅವರು ಕೇಳಿದ್ದೇ ಬೇರೆ:

“ಅಲ್ಲಿಗೆ ರೈಲು ಬರಲ್ಲ ತಾನೆ?”