ಅಂಚೆಟ್ಟಿಯ ಸಂಘದ ಲೆಕ್ಕ

ಅತ್ತಿಬೆಲೆ ದಾಟಿ ಜೂಜುವಾಡಿ ಬಂತೆಂದರೆ ಬೋರ್ಡುಗಳ ಲಿಪಿ ಬದಲಾಗುತ್ತದೆ, ಜನರ ಮಾತು ಅಷ್ಟು ಬೇಗ ಬದಲಾಗುವುದಿಲ್ಲ. ಹೊಸೂರು ಬಸ್ ನಿಲ್ದಾಣದ ಹತ್ತಿರ ಹೂ ಮಾರುವಾಕೆ ತಮಿಳಿನಲ್ಲಿ ಬೆಲೆ ಹೇಳಿ, ತೆಲುಗಿನಲ್ಲಿ ಪಕ್ಕದವಳನ್ನು ಗದರಿ, ನಮ್ಮೊಡನೆ ಕನ್ನಡದಲ್ಲಿ ಚೌಕಾಸಿಗೆ ನಿಂತಳು. ನಾವು ಬೆಂಗಳೂರಿನ ಒಂದು ಚರ್ಚಿನ ಮಹಿಳಾ ಮಂಡಳಿಯವರು. ಬೆಟ್ಟದ ಹಳ್ಳಿಗಳ ಹೆಣ್ಣುಮಕ್ಕಳ ಸಾಲ ಸಂಘಗಳನ್ನು ನೋಡಿ, ಕೈಲಾದ ಸಹಾಯ ಮಾಡಿ ಬರೋಣವೆಂದು ಹೊರಟಿದ್ದೆವು. ವ್ಯಾನಿನ ಹಿಂಬದಿಯಲ್ಲಿ ಕಂಬಳಿಯ ಮೂಟೆ, ಎರಡು ಹೊಲಿಗೆ ಯಂತ್ರ.

ಹೊಸೂರಿನ ಪಕ್ಕದ ತೊರಪಳ್ಳಿ ರಾಜಾಜಿಯವರ ಹುಟ್ಟೂರು. 1937ರಲ್ಲಿ ಮದ್ರಾಸ್ ಪ್ರಾಂತ್ಯದ ಆಡಳಿತ ಹಿಡಿದ ಅವರು ಮರುವರ್ಷವೇ ರೈತರ ಸಾಲ ಪರಿಹಾರ ಕಾಯ್ದೆ ತಂದರು. ಕಾಯ್ದೆ ಹಳೆಯ ಸಾಲದ ಹೊರೆ ಇಳಿಸಬಹುದು. ನಾಳೆ ಬಿತ್ತನೆ ಬೀಜಕ್ಕೆ ದುಡ್ಡು ಬೇಕಾದರೆ ಮತ್ತೆ ಅದೇ ಬಡ್ಡಿಯವನ ಬಾಗಿಲು. ಈ ಸೀಮೆಯ ಕಥೆ ಬಹುಕಾಲ ಹೀಗೇ ನಡೆಯಿತು.

ದೇಂಕಣಿಕೋಟೆ ಕಳೆದ ಮೇಲೆ ಗುಲಾಬಿ ತೋಟ, ಪಾಲಿಹೌಸುಗಳು ಹಿಂದೆ ಬಿದ್ದು ರಾಗಿ ಹೊಲ, ಆಮೇಲೆ ಕಾಡು. ಆನೆ ಇದೆ, ನಿಧಾನ ಎನ್ನುವ ಫಲಕಗಳು. ಅಂಚೆಟ್ಟಿಯಿಂದಾಚೆ, ಹೊಗೇನಕಲ್ಲಿನ ದಿಕ್ಕಿಗೆ, ನಾಟ್ರಾಂಪಾಳ್ಯ. ಈ ಸೀಮೆಯಲ್ಲಿ ಹೆಂಗಸರ ಸಾಲ ಸಂಘಗಳನ್ನು ಕಟ್ಟಿದ ಕುಳಂದೈ ಫ್ರಾನ್ಸಿಸ್ ಕೆಲಸ ಶುರು ಮಾಡಿದ್ದು ಇಲ್ಲೇ. ಸೇಲಂ ಕಡೆಯ ಬಡ ಮನೆತನ. ಮಗನ ಓದಿಗೆಂದು ಮನೆಯವರು ಬಡ್ಡಿ ಸಾಲ ಮಾಡಿ ಕೊನೆಗೆ ಜಮೀನನ್ನೇ ಕಳೆದುಕೊಂಡರು. ಗುರುಪಟ್ಟಕ್ಕೆಂದು ಹೋಲಿ ಕ್ರಾಸ್ ಸಭೆ ಸೇರಿದವರು ಅದನ್ನು ಬಿಟ್ಟು, 1979ರಲ್ಲಿ ಸಮಗ್ರ ಗ್ರಾಮಾಭಿವೃದ್ಧಿ ಯೋಜನೆ (ಐವಿಡಿಪಿ) ಎಂಬ ಸಂಸ್ಥೆ ಕಟ್ಟಿದರು. ಮೊದಲು ಕೈಗೆತ್ತಿಕೊಂಡದ್ದು ನೀರು: ದಾನಿಗಳ ಹಣದಲ್ಲಿ 60 ಹಳ್ಳಿಗಳಿಗೆ 331 ಚೆಕ್ ಡ್ಯಾಮು. 1989ರಲ್ಲಿ ವಿಶ್ವಸಂಸ್ಥೆಯ ಕೃಷಿ ಅಭಿವೃದ್ಧಿ ನಿಧಿಯ (ಐಫಾಡ್) ನೆರವಿನೊಂದಿಗೆ ಆಗಿನ ಧರ್ಮಪುರಿ ಜಿಲ್ಲೆಯಲ್ಲಿ ತಮಿಳುನಾಡು ಸರ್ಕಾರದ ಮಹಿಳಾ ಅಭಿವೃದ್ಧಿ ಯೋಜನೆ ಆರಂಭವಾದಾಗ ಅವರು ಹೆಂಗಸರ ಸಂಘಗಳತ್ತ ತಿರುಗಿದರು. ಈ ಊರುಗಳಿರುವ ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರಲ್ಲಿ. 2012ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಸಂಘಗಳು 8,000 ದಾಟಿದ್ದವು, ಸದಸ್ಯೆಯರು ಒಂದೂವರೆ ಲಕ್ಷ. ಡ್ಯಾಮು ಸಣ್ಣ ಕೆಲಸವಲ್ಲ, ಆದರೆ ಅದರ ದುಡ್ಡು ಹೊರಗಿನದು. ಸಂಘದ ದುಡ್ಡು ಆ ಹೆಂಗಸರದ್ದೇ. ಈ ತಿರುವೇ ಫ್ರಾನ್ಸಿಸರ ದೊಡ್ಡ ಕೆಲಸ ಎಂದು ನನ್ನ ಎಣಿಕೆ.

ನಾವು ಕೂತ ಸಭೆ ಅಂಚೆಟ್ಟಿ ಹತ್ತಿರದ ಒಂದು ಕೊಪ್ಪಲಿನ ಬೇರೊಂದು ಸಂಘದ್ದು. ಹೆಚ್ಚಿನವರ ಮನೆಮಾತು ಕನ್ನಡ. ಚಾಪೆಯ ನಡುವೆ ಒಬ್ಬೊಬ್ಬರೇ ನೂರರ ನೋಟು ಇಟ್ಟರು. ಒಬ್ಬಳು ಎಣಿಸಿದಳು, ಇನ್ನೊಬ್ಬಳು ಗಟ್ಟಿಯಾಗಿ ಕೂಗಿದಳು, ಮೂರನೆಯವಳು ಬರೆದುಕೊಂಡಳು. ಆಮೇಲೆ ಸಾಲದ ಸರದಿ. ಹಸುವಿಗೆಂದು ಒಬ್ಬಳು ಇಪ್ಪತ್ತು ಸಾವಿರ ಕೇಳಿದಳು.

"ಹಳೇದು ಎಷ್ಟು ಬಾಕಿ ಐತೆ?"

"ಮೂರು ಕಂತು ಕಣಕ್ಕ."

"ಹಸು ಯಾರ್ದು?"

"ನಿನ್ ಮೈದುನಂದೇ, ನಿಂಗೊತ್ತಿಲ್ವಾ?"

"ಗೊತ್ತಿರೋದಕ್ಕೇ ಕೇಳ್ದೆ. ಅದು ಒದೀತದೆ."

ಸಭೆಯೆಲ್ಲ ನಕ್ಕಿತು, ಸಾಲ ಮಂಜೂರಾಗಲಿಲ್ಲ. ಬೇರೆ ಹಸು ನೋಡಿಕೊಂಡು ಮುಂದಿನ ತಿಂಗಳು ಬಾ ಎಂದರು. ಪತ್ರ, ಅಡಮಾನ, ಜಾಮೀನು ಯಾವುದೂ ಇಲ್ಲಿಲ್ಲ. ಆದರೂ ಇಷ್ಟು ಕಟ್ಟುನಿಟ್ಟಾದ ವಿಚಾರಣೆ ಯಾವ ಬ್ಯಾಂಕಿನಲ್ಲಿ ನಡೆದೀತು? ಬಡ್ಡಿ ತಿಂಗಳಿಗೆ ನೂರಕ್ಕೆ ಒಂದು, ಅದೂ ಸಂಘಕ್ಕೇ ವಾಪಸು. ಊರ ಬಡ್ಡಿಯವನದು ನೂರಕ್ಕೆ ಐದು.

ನಮ್ಮ ಹೊಲಿಗೆ ಯಂತ್ರ ಇಳಿಸಿದಾಗ ಅಧ್ಯಕ್ಷೆ ನೇರವಾಗಿ ಹೇಳಿದರು: "ಇಬ್ಬರಿಗೆ ಸುಮ್ನೆ ಕೊಟ್ರೆ ಮಿಕ್ಕವರಿಗೆ ಹೊಟ್ಟೆ ಉರೀತದಮ್ಮ. ಸಂಘಕ್ಕೆ ಕೊಡಿ, ಬೇಕಾದೋರಿಗೆ ಕಂತಿನ ಮೇಲೆ ಹಾಕ್ತೀವಿ." ಅಲ್ಲೇ ಬೆಲೆ ಗೊತ್ತಾಯಿತು, ಕಂತು ಗೊತ್ತಾಯಿತು, ಪುಸ್ತಕಕ್ಕೆ ಏರಿತು. ದಾನವಾಗಿ ಬಂದದ್ದು ಐದೇ ನಿಮಿಷದಲ್ಲಿ ಬಂಡವಾಳವಾಯಿತು. ಕಂಬಳಿ ಮಾತ್ರ ಮುದುಕಿಯರ ಪಾಲಿಗೆ ಹೋಯಿತು, ತಕರಾರಿಲ್ಲದೆ.

ಅವರಿಗೆ ನಿಜವಾಗಿ ಬೇಕಿದ್ದದ್ದು ಬೇರೆ. ಸಂಘದ ಪಾಸ್‌ಬುಕ್ಕಿನಲ್ಲಿ ಯಾವುದೋ ವಿಮೆಯ ಹೆಸರಿನಲ್ಲಿ ದುಡ್ಡು ಕಳೆದಿತ್ತು. ಎಲ್ಲ ಇಂಗ್ಲಿಷು, ಯಾರಿಗೂ ತಿಳಿಯದು. ನಮ್ಮ ಖಜಾಂಚಿ ನಿವೃತ್ತ ಬ್ಯಾಂಕ್ ನೌಕರೆ. ಕನ್ನಡಕ ಏರಿಸಿ ಸಾಲುಸಾಲು ಓದಿ ಹೇಳಿದರು, ಶಾಖೆಗೆ ಕೊಡಲು ಅರ್ಜಿಯನ್ನೂ ಬರೆದುಕೊಟ್ಟರು. ಆ ಮಧ್ಯಾಹ್ನ ನಮ್ಮಿಂದಾದ ಸೇವೆ ಎಂದರೆ ಇದೇ.

ಹೊರಡುವಾಗ ಬೈಕಿನಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಬಂದ. ಖಾಸಗಿ ಫೈನಾನ್ಸಿನವನು, ವಾರದ ವಸೂಲಿ. ಸಂಘದಲ್ಲಿ ಕೊಡದ ಸಾಲವನ್ನು ಇವರು ಆಧಾರ್ ಕಾರ್ಡ್ ನೋಡಿ ಕೊಟ್ಟುಬಿಡುತ್ತಾರೆ. ಒಂದು ಸಾಲ ತೀರಿಸಲು ಇನ್ನೊಂದು, ಅದಕ್ಕೆ ಮತ್ತೊಂದು. ಇಂಥ ವಸೂಲಿಯ ಕಾಟ ಮಿತಿಮೀರಿಯೇ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಗಡಿಯ ಈಚೆಗೂ ಅದೇ ಬೈಕು, ಅದೇ ಚೀಲ.

ಸೇವೆಗೆಂದು ಈ ಕಡೆ ಹೊರಡುವ ಚರ್ಚುಗಳವರಲ್ಲಿ ಒಂದು ಅರಿಕೆ: ಕಂಬಳಿಯ ಮೂಟೆ ಒಂದು ಕಡಿಮೆಯಾದರೂ ಚಿಂತೆಯಿಲ್ಲ, ಲೆಕ್ಕ ಬಲ್ಲವರೊಬ್ಬರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಬನ್ನಿ.