ಗುಡ್ಡದ ಹೆಸರು ಬರೆದದ್ದು ನಾನೇ

ಮಾಕಳಿ ಬೇರಿನ ಉಪ್ಪಿನಕಾಯಿ ಜಾಡಿ ತೆಗೆದರೆ ನಮ್ಮನೇಲಿ ಎರಡು ಪಕ್ಷ. ಅವ್ವನಿಗೆ ಅದು ಘಮ, ನನ್ನ ಹೆಂಡತಿಗೆ ತಿಗಣೆ ವಾಸನೆ. ನಾನು ಅವ್ವನ ಪಕ್ಷ. ಬೇರನ್ನು ನೆನೆಸಿ, ಸಿಪ್ಪೆ ಹೆರೆದು, ನಡುವಿನ ಗಟ್ಟಿ ನಾರು ಬಿಸಾಕಿ, ಸಣ್ಣಗೆ ಹೆಚ್ಚಿ, ಉಪ್ಪು, ಖಾರ, ಸಾಸಿವೆ ಪುಡಿ, ನಿಂಬೆರಸ ಬೆರೆಸಿ ಮಜ್ಜಿಗೆಯಲ್ಲಿ ಮುಳುಗಿಸಿಡಬೇಕು.

ಮಂಡ್ಯ, ಮದ್ದೂರಿನ ಗದ್ದೆ ಬಯಲಲ್ಲಿ ಈ ಬಳ್ಳಿ ಕಾಣಲ್ಲ. ನಾಲೆ ನೀರು ಹತ್ತದ ಮಳವಳ್ಳಿ ಕಡೆ ಕಲ್ಲುಗುಡ್ಡಗಳ ಸಂದಿಯಲ್ಲಿ ಹಬ್ಬುತ್ತೆ. ಎಕ್ಕದ ಕುಟುಂಬದ್ದು, ಮುರಿದರೆ ಹಾಲು ಬರುತ್ತೆ. ಆಫ್ರಿಕಾದ ಕಲಹರಿಯಲ್ಲೂ ಇದೇ ಕುಟುಂಬದ ಫಾಕಿಯ ಅನ್ನೋ ಕಾಡುಬಳ್ಳಿ ಇದೆ. ಅಲ್ಲಿನ ಸ್ಯಾನ್ ಜನ ಅದರ ನೀರುಗೆಡ್ಡೆ ಅಗೆದು, ಜಗಿದು ಬಾಯಾರಿಕೆ ನೀಗಿಸಿಕೊಳ್ತಿದ್ದರು. ಮಾಕಳಿಯ ತವರು ನಮ್ಮ ದಕ್ಷಿಣ ಭಾರತದ ಗುಡ್ಡಗಳೇ.

ಸಂತೆಯಲ್ಲಿ ಅವ್ವನಿಗೆ ಬೇರು ಕೊಡ್ತಿದ್ದ ಅಜ್ಜಿಯೊಬ್ಬರಿದ್ದರು. ಒಂದು ಸಲ ಅವರ ಜೊತೆ ಗುಡ್ಡ ಹತ್ತಿದ್ದೆ. ಬುಡದ ಒಂದು ಪಕ್ಕ ಮಾತ್ರ ಬಗೆದು, ಎರಡು ಬೇರು ಕುಯ್ದು, ಮಣ್ಣು ಮುಚ್ಚಿ ಕಾಲಲ್ಲಿ ತುಳಿದರು. 'ಉಳ್ದಿದ್ದು ಬಳ್ಳಿಗೆ ಕಣಪ್ಪ' ಅಂದರು. ನನಗೆ ಸುದ್ದಿ ಸಿಕ್ಕಿತು. 'ಮಾಕಳಿ ಬೇರಿಗೆ ಭಾರೀ ಬೇಡಿಕೆ' ಅಂತ ಫೋಟೊ ಸಮೇತ ಕಳಿಸಿದೆ. ಗುಡ್ಡದ ಹೆಸರು, ಹೋಗುವ ದಾರಿ ಎಲ್ಲ ಹಾಕಿದ್ದೆ. ಮಣ್ಣು ಮುಚ್ಚಿದ ವಿಷಯ ಮಾತ್ರ ಜಾಗ ಸಾಲದೆ ಬಿಟ್ಟುಹೋಯಿತು. ಪೇಜಿನಲ್ಲಿ ಬಂದಾಗ ಖುಷಿಪಟ್ಟೆ.

ಒಂದೂವರೆ ತಿಂಗಳಾದ ಮೇಲೆ ಸಂತೆಯಲ್ಲಿ ಅಜ್ಜಿಯ ಮುಂದೆ ಬರೀ ನಿಂಬೆಹಣ್ಣಿತ್ತು. 'ಟೆಂಪೋ ತಂದು ಬುಡಸಮೇತ ಕಿತ್ಕೊಂಡೋದ್ರು. ನೀನ್ ಬರ್ದಿದ್ದು ಪೇಪರ್ ಕೈಲೇ ಇತ್ತು' ಅಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಹೋಗಿ ನೋಡಿದೆ. ಗುಂಡಿಗಳಲ್ಲಿ ಮಳೆನೀರು ನಿಂತಿತ್ತು. ಸೊಗದೆ ಬೇರಿನ ಬದಲಿಗೆ ಇದನ್ನೇ ಔಷಧಿಗೆ, ಶರಬತ್ತಿಗೆ ಬೆರೆಸ್ತಾರೆ. ಹಾಗಾಗಿ ಎಷ್ಟು ಕಿತ್ತರೂ ಕೊಳ್ಳುವವರಿದ್ದಾರೆ. ಬೇರೇ ಸರಕು ಆದ್ದರಿಂದ ಪೂರ್ತಿ ಕಿತ್ತರೆ ಆ ಬಳ್ಳಿ ಮುಗಿಯಿತು. ಅಳಿವಿನ ಅಂಚಿನ ಸಸ್ಯ ಅಂತ ನಾನು ಓದಿದ್ದು ಸುದ್ದಿ ಕಳಿಸಿದ ಮೇಲೆ. ಡಿಪ್ಲೊಮಾದಲ್ಲಿ ಯಾರು, ಎಲ್ಲಿ, ಯಾವಾಗ ತಪ್ಪದೆ ಬರೀಬೇಕು ಅಂತ ಕಲಿಸಿದ್ದರು. 'ಎಲ್ಲಿ' ಬಿಡಬೇಕಾದ ಸುದ್ದಿಯೂ ಇರುತ್ತೆ ಅಂತ ಯಾರೂ ಹೇಳಿರಲಿಲ್ಲ.

ಈ ಸಲ ಅಜ್ಜಿ ಒಂದು ಹಿಡಿ ಬೀಜ ಕೊಟ್ಟಿದ್ದಾರೆ, ಹತ್ತಿಯಂಥ ಎಳೆ ಅಂಟಿದ್ದು. ಹಿತ್ತಲಲ್ಲಿ ಕಲ್ಲುಮಣ್ಣು ತುಂಬಿದ ಬಕೆಟ್ಟಿಗೆ ಹಾಕಿದ್ದೇನೆ. ಮೂರು ಮೊಳಕೆ ಬಂದಿವೆ. ಯಾವ ಗುಡ್ಡದ ಬೀಜ ಅಂತ ಕೇಳಬೇಡಿ.