ಅಪ್ಪನ ಬೆನ್ನು ಮತ್ತು ಎರಡು ಪ್ರಶ್ನಾರ್ಥಕ ಚಿಹ್ನೆಗಳು

ಎರಡು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸು ಇತ್ತು ಅಂತ ಎಂದಿನ ನೆಪ ಹೇಳಬಹುದಿತ್ತು. ಆದರೆ ಈ ಸಲದ ಕಾರಣ ಅಪ್ಪನ ಬೆನ್ನು.

ಅಡಿಕೆ ಮೂಟೆ ಎತ್ತುವಾಗ ಸೊಂಟ ಹಿಡಿದುಕೊಂಡಿತು ಅಂತ ಶುರುವಾದದ್ದು. ಎಣ್ಣೆ ತಿಕ್ಕಿದ್ದಾಯ್ತು, ಬಿಸಿನೀರಿನ ಶಾಖ ಕೊಟ್ಟಿದ್ದಾಯ್ತು. ನೋವು ಬಲಗಾಲಿಗೆ ಇಳಿಯಿತು. ಒಂದು ರಾತ್ರಿ ಅಮ್ಮ ಫೋನಿನಲ್ಲಿ, "ನಡೀತಾ ನಡೀತಾ ನಿಮ್ಮಪ್ಪನ ಚಪ್ಪಲಿ ಕಳಚಿ ಹಿಂದೆ ಬಿದ್ದಿರ್ತದೆ ಕಣೋ, ಅವ್ರಿಗೆ ಗೊತ್ತೇ ಆಗಲ್ಲ" ಅಂದಳು. ಆ ವಾರವೇ ಊರಿಗೆ ಹೋಗಿ ಶಿವಮೊಗ್ಗದಲ್ಲಿ ಎಂಆರ್‌ಐ ಮಾಡಿಸಿದೆ.

ಸೊಂಟದ ಐದನೇ ಮೂಳೆಯ ಹಿಂದೆ, ನರದ ಪಕ್ಕದಲ್ಲಿ ಒಂದು ಉಂಡೆ. ರಿಪೋರ್ಟಿನ ಕೊನೆಯ ಸಾಲಿನ ಅರ್ಥ ಇಷ್ಟು: ಕಿತ್ತುಬಂದ ಡಿಸ್ಕಿನ ಚೂರು? ಗಡ್ಡೆ? ಕಾಂಟ್ರಾಸ್ಟ್ ಕೊಟ್ಟು ಮತ್ತೊಮ್ಮೆ ಸ್ಕ್ಯಾನ್ ಮಾಡುವುದು. ದಿನವಿಡೀ ಇಫ್-ಎಲ್ಸ್ ಬರೆಯುವ ನನಗೆ ಕಂಡದ್ದು ಎರಡನೇ ಪ್ರಶ್ನೆ ಮಾತ್ರ.

"ಎಂತ ಬರ್ದಿದಾರೋ?" ಅಂದರು ಅಪ್ಪ.

"ಡಿಸ್ಕ್ ಜಾರಿದೆಯಂತೆ ಅಪ್ಪಾ. ಬೆಂಗಳೂರಲ್ಲಿ ಇನ್ನೊಂದು ಸ್ಕ್ಯಾನ್ ಮಾಡಿಸ್ಬೇಕಂತೆ."

"ಡಿಸ್ಕ್ ತಾನೆ? ಮತ್ತೊಂದು ಸ್ಕ್ಯಾನ್ ಯಾಕೆ, ದುಡ್ಡು ದಂಡ. ಕೊಯ್ಲು ಮುಗೀಲಿ."

ಅರ್ಧ ಓದಿ ಹೇಳಿದ್ದ ನನ್ನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. ಹನ್ನೊಂದು ದಿನ ಹೋಯಿತು.

ಆ ರಾತ್ರಿಗಳಲ್ಲಿ ಸಿಕ್ಕಿದ್ದೆಲ್ಲ ಓದಿದೆ. ಈ ಗೊಂದಲ ಹಳೆಯದು. 1929ರಲ್ಲೇ ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್, ಗಡ್ಡೆಯ ವೇಷದಲ್ಲಿ ಬಂದ ಡಿಸ್ಕಿನ ಚೂರುಗಳ ಬಗ್ಗೆ ಬರೆದಿದ್ದರು. 1934ರಲ್ಲಿ ಬಾಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್, ಹಿಂದೆ ಗಡ್ಡೆ ಎಂದು ತೆಗೆದಿಟ್ಟಿದ್ದ ಹಲವು ತುಣುಕುಗಳು ನಿಜಕ್ಕೂ ಡಿಸ್ಕಿನವೇ ಅಂತ ತೋರಿಸಿದರು. ಓದಿ ಸಮಾಧಾನವಾಯ್ತು, ಆದರೆ ಅದರಿಂದ ಅಪ್ಪನ ಕಾಲಿಗೆ ಬಲವೇನೂ ಬರಲಿಲ್ಲ.

ಕೊನೆಗೆ ಹೆಬ್ಬೆರಳೇ ಮೇಲೇಳದಾದಾಗ ಅವರೇ ಬಂದರು. ಮೊದಲು ಕಿಡ್ನಿ ಸರಿಯಿದೆಯೇ ಅಂತ ರಕ್ತ ಪರೀಕ್ಷೆ, ಆಮೇಲೆ ಗ್ಯಾಡೋಲಿನಿಯಂ ಇಂಜೆಕ್ಷನ್, ಸ್ಕ್ಯಾನು. ಡಾಕ್ಟರು ಸ್ಕ್ರೀನಿನಲ್ಲಿ ತೋರಿಸಿದರು: ಸುತ್ತ ಬಿಳಿ ಬಳೆ, ನಡುವೆ ಕಪ್ಪು. "ಡಿಸ್ಕಿನ ಚೂರಿಗೆ ರಕ್ತನಾಳ ಇರೋದಿಲ್ಲ, ಔಷಧಿ ಒಳಗೆ ಹೋಗೋದಿಲ್ಲ. ಅದರ ಸುತ್ತ ಉರಿಯೂತದಿಂದ ಬೆಳೆದ ಅಂಗಾಂಶ ಮಾತ್ರ ಬೆಳಗುತ್ತೆ. ನರದ ಗಡ್ಡೆ ಸಾಮಾನ್ಯವಾಗಿ ಪೂರ್ತಿ ಬೆಳಗುತ್ತೆ. ಆದರೆ ಒಳಗೆ ನೀರು ತುಂಬಿದ ಗಡ್ಡೆಯೂ ಹೀಗೇ ಕಾಣಬಹುದು. ಕೊನೇ ಮಾತು ಬಯಾಪ್ಸಿಯದ್ದು."

ಇಂಥ ಎಷ್ಟೋ ಚೂರುಗಳು ತಿಂಗಳುಗಳಲ್ಲಿ ತಾವೇ ಕರಗುತ್ತವಂತೆ. ಪಾದ ಸೋಲುತ್ತಾ ಬಂದಿದ್ದರಿಂದ ಕಾಯುವ ಹಾಗಿರಲಿಲ್ಲ, ಆಪರೇಷನ್ ಆಯ್ತು. ವಾರದ ನಂತರ ಬಯಾಪ್ಸಿ ಬಂತು: ಸವೆದ ಡಿಸ್ಕಿನ ಮೃದ್ವಸ್ಥಿ, ಗಡ್ಡೆಯ ಕೋಶಗಳಿಲ್ಲ.

ಅವತ್ತು ಅಪ್ಪನಿಗೆ ಆ ಎರಡನೇ ಪ್ರಶ್ನೆಯನ್ನೂ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವತ್ತೇ ಹೇಳಿದ್ರೆ ಅವತ್ತೇ ಬರ್ತಿದ್ನಲ್ಲೋ" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈಗ ನೋವಿಲ್ಲ. ಪಾದ ಮುಕ್ಕಾಲು ಪಾಲು ಸರಿಯಾಗಿದೆ. ಆ ಹನ್ನೊಂದು ದಿನ ಉಳಿದಿದ್ದರೆ ಪೂರ್ತಿ ಸರಿಯಾಗುತ್ತಿತ್ತಾ ಅಂತ ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲ" ಅಂದರು.

ನಿಮ್ಮ ಮನೆಯಲ್ಲೂ ಯಾರಿಗಾದರೂ ಬೆನ್ನುನೋವಿನ ಜೊತೆ ಪಾದ ಸೋಲುತ್ತಿದ್ದರೆ, ಇಲ್ಲವೇ ಮೂತ್ರ ಕಟ್ಟಿದರೆ, ದಯವಿಟ್ಟು ಕೊಯ್ಲು ಮುಗಿಯಲಿ ಅಂತ ಕಾಯಬೇಡಿ. ರಿಪೋರ್ಟು ಓದಿ ಹೇಳುವವರು ನೀವಾದರೆ ಪೂರ್ತಿ ಓದಿ.

ಅಪ್ಪನಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಕೊಡಿಸಿದ್ದೇನೆ. ಮೊನ್ನೆ ಊರಿಗೆ ಹೋದಾಗ ತೋಟಕ್ಕೆ ಅವರ ಹಿಂದೆಯೇ ನಡೆದೆ. ಬಲಗಾಲಿನ ಸದ್ದು ಇನ್ನೂ ಸ್ವಲ್ಪ ಬೇರೆ ಥರ ಕೇಳಿಸುತ್ತದೆ.